ದಫ್ತರದಲ್ಲಿ ಹೆಸರಿಲ್ಲದ ಕೈ

ಅಧಿಕಾರದಿಂದ ಮಾಡಿದ ಪ್ರತಿಯೊಂದು ಕೃತಿಯ ಕೆಳಗೆ ಅದನ್ನು ಮಾಡಿದವನ ಹೆಸರಿರಬೇಕೆಂಬ ನಿಯಮವು ಹೊಸದಲ್ಲ. ಹಳ್ಳಿಯ ಚಾವಡಿಯಿಂದ ಹಿಡಿದು ರಾಜಧಾನಿಯ ಸಚಿವಾಲಯದ ವರೆಗೆ ಸಹಿ, ತಾರೀಖು, ಮೊಹರು ಎಂಬ ಮೂರು ಸಾಕ್ಷಿಗಳಿಲ್ಲದ ಕಾಗದವನ್ನು ನಮ್ಮ ಜನರು ಸರಕಾರಿ ಕಾಗದವೆಂದು ಎಣಿಸಿದವರಲ್ಲ. ಆದರೆ ಇಂದು ಸರಕಾರದ ದಫ್ತರದ ಬಹುಭಾಗವು ಗಣಕಯಂತ್ರಗಳ ಹೊಟ್ಟೆಯನ್ನು ಸೇರಿದೆ. ಆ ಯಂತ್ರಗಳ ಸರ್ವಾಧಿಕಾರವನ್ನು ಹಿಡಿದವರು ಯಾವ ದಿನ, ಯಾವ ಹೊತ್ತಿಗೆ, ಏನು ಮಾಡಿದರೆಂಬುದಕ್ಕೆ ಅದೇ ತರಹದ ಸಹಿಯುಂಟೇ ಎಂದು ಕೇಳುವವರು ಮಾತ್ರ ವಿರಳ. ಈ ಪ್ರಶ್ನೆಯನ್ನು ಬೆಳಗಾವಿ ಖಾನಾಪುರಗಳ ವಾಚಕರ ಮುಂದೆಯೂ ಅಧಿಕಾರಿವರ್ಗದ ಮುಂದೆಯೂ ಇಂದು ಇಡುವದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.

ಖಾನಾಪುರ ತಾಲೂಕಿನ ಮಟ್ಟಿಗೆ ದಫ್ತರವೆಂಬುದು ಕೇವಲ ಕಾಗದದ ಕಟ್ಟಾಗಿ ಎಂದೂ ಇದ್ದಿಲ್ಲ. 1830ರ ಆರಂಭದಲ್ಲಿ ಸಂಗೊಳ್ಳಿ ರಾಯಣ್ಣನು ಕುಂಪಣಿ ಸರಕಾರದ ವಿರುದ್ಧ ಎದ್ದು ನಿಂತಾಗ ಅವನ ಬಂಟರು ಬೆಂಕಿಯಿಟ್ಟ ಸ್ಥಳಗಳಲ್ಲಿ ಈ ತಾಲೂಕಿನ ಬೀಡಿಯ ಕಚೇರಿಯೂ ಒಂದು. ಮರುವರುಷ, ಎಂದರೆ 1831ರ ಜನವರಿಯಲ್ಲಿ, ಅವನನ್ನು ಗಲ್ಲಿಗೇರಿಸಿದ್ದೂ ಇದೇ ತಾಲೂಕಿನ ನಂದಗಡದಲ್ಲಿ. ಯಾರ ಭೂಮಿ ಯಾರ ಹೆಸರಿಗೆ ಎಂಬುದನ್ನು ಬರೆಯುವ ಲೇಖಣಿಯು ಯಾರ ಕೈಯಲ್ಲಿದೆಯೋ ಅವರ ಕೈಯಲ್ಲಿಯೇ ನಾಡಿನ ಜೀವವಿದೆಯೆಂಬುದನ್ನು ಆ ಶೂರನು ಚೆನ್ನಾಗಿ ಅರಿತಿದ್ದನು. ಅಂದಿನ ದಫ್ತರವು ಪರರದು, ಇಂದಿನದು ನಮ್ಮದು. ಪರರ ದಫ್ತರಕ್ಕೆ ಬೆಂಕಿ ಬಿದ್ದರೆ ಹಳ್ಳಿಯು ಒಂದು ಗಳಿಗೆಯಾದರೂ ಉಸಿರಾಡುತ್ತಿತ್ತು. ನಮ್ಮದೇ ದಫ್ತರದಲ್ಲಿ ಗುರುತಿಲ್ಲದ ಕೈಯೊಂದು ಒಂದಕ್ಷರವನ್ನು ತಿದ್ದಿದರೆ ಬಡ ರೈತನ ಹೊಲವೇ ಹೋಗಿಬಿಡುವದು.

ಹಳೆಯ ಕಾಲದಲ್ಲಿ ಇಂಥ ತಿದ್ದುವಿಕೆಗೆ ಒಂದು ಸಹಜವಾದ ಅಡ್ಡಿಯಿತ್ತು. ತಲಾಠಿಯ ಅಕ್ಷರವನ್ನು ಊರೆಲ್ಲ ಬಲ್ಲದು. ಒಂದು ಫೇರಫಾರವನ್ನು ಯಾರು ಬರೆದರು, ಮೇಲಿನ ಅಧಿಕಾರಿಯು ಯಾವಾಗ ಮಂಜೂರು ಮಾಡಿದನು ಎಂಬುದು ಕೈಬರಹದಿಂದಲೇ ತಿಳಿಯುತ್ತಿತ್ತು. ಕೆರೆದು ಬರೆದರೆ ಕಾಗದ ತೆಳುವಾಗುವದು; ಶಾಯಿ ಬದಲಾದರೆ ಬಣ್ಣ ಬೇರೆಯಾಗುವದು. ಇಷ್ಟಿದ್ದೂ ಆ ಕಾಲದಲ್ಲಿ ಮೋಸಗಳು ನಡೆಯಲಿಲ್ಲವೆಂದಲ್ಲ, ಬಹಳ ನಡೆದವು. ಆದರೆ ಮೋಸಕ್ಕೆ ಅಂದು ಒಂದು ಕೈಬರಹವಿತ್ತು. ಗಣಕಯಂತ್ರದಲ್ಲಿ ಎಲ್ಲರ ಅಕ್ಷರವೂ ಒಂದೇ. ಮಾಮಲೇದಾರರು ಬರೆದ ಸೊನ್ನೆಗೂ ಕಳ್ಳನು ಬರೆದ ಸೊನ್ನೆಗೂ ಅಲ್ಲಿ ಭೇದವಿಲ್ಲ. ಆದುದರಿಂದ ಕೈಬರಹವು ಮಾಡುತ್ತಿದ್ದ ಸಾಕ್ಷಿಯ ಕೆಲಸವನ್ನು ಯಂತ್ರವು ಬೇರೊಂದು ರೀತಿಯಿಂದ ಮಾಡಲೇಬೇಕು.

ಈ ಮಾತು ನಮ್ಮ ರಾಜ್ಯದ ಆಡಳಿತಗಾರರಿಗೆ ಹೊಳೆಯಲಿಲ್ಲವೆಂದು ಹೇಳಿದರೆ ಅನ್ಯಾಯವಾದೀತು. 2000ದ ಸುಮಾರಿಗೆ ಕರ್ನಾಟಕ ಸರಕಾರವು ‘ಭೂಮಿ’ ಯೋಜನೆಯನ್ನು ಕೈಕೊಂಡು, ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿತು. ಅಲ್ಲಿಯ ವರೆಗೆ ಸುಮಾರು 9,000 ಗ್ರಾಮಲೆಕ್ಕಿಗರ ಗಂಟುಗಳಲ್ಲಿದ್ದ ಉತಾರಗಳು ತಾಲೂಕು ಕಚೇರಿಯ ಕಿಂಡಿಯಲ್ಲಿ, ಆರಂಭದಲ್ಲಿ 15 ರೂಪಾಯಿಗಳಿಗೆ, ಕೇಳಿದವರ ಕೈಗೆ ದೊರೆಯತೊಡಗಿದವು. ಆ ಯೋಜನೆಯಲ್ಲಿ ನಮಗೆ ಅತ್ಯಂತ ಶ್ಲಾಘನೀಯವೆಂದು ತೋರಿದ ಅಂಶವೆಂದರೆ, ಉತಾರವನ್ನು ಬದಲಿಸುವ ನೌಕರನು ಕೇವಲ ಗುಪ್ತಪದವನ್ನು ಹೇಳಿ ಒಳಹೋಗುವಂತಿರಲಿಲ್ಲ. ತನ್ನ ಬೆರಳಿನ ಗುರುತನ್ನು ಯಂತ್ರಕ್ಕೆ ತೋರಿಸಬೇಕಾಗಿತ್ತು. ‘ಇದನ್ನು ಮಾಡಿದವನು ನಾನಲ್ಲ’ ಎಂದು ಮುಂದೆ ಯಾರೂ ಜಾರಿಕೊಳ್ಳಬಾರದೆಂಬುದೇ ಆ ಕಟ್ಟಳೆಯ ಉದ್ದೇಶವು. ಕಾಲು ಶತಮಾನದ ಹಿಂದೆಯೇ ನಮ್ಮ ರಾಜ್ಯವು ಈ ತತ್ವವನ್ನು ಅಂಗೀಕರಿಸಿತೆಂಬುದು ಅಭಿಮಾನದ ವಿಷಯವಾಗಿದೆ.

ಆದರೆ ಬೆರಳಿನ ಗುರುತನ್ನು ಕೇಳುವ ಬಾಗಿಲು ಮುಂಬಾಗಿಲು ಮಾತ್ರ. ದಫ್ತರವನ್ನು ಹೊತ್ತ ಯಂತ್ರವನ್ನು ನಡೆಯಿಸುವವರಿಗೆ ಹಿಂಬಾಗಿಲೊಂದು ಇದ್ದೇ ಇರುವದು, ಇರಲೇಬೇಕು. ಕೆಟ್ಟದ್ದನ್ನು ಸರಿಪಡಿಸಲು, ಹೊಸ ಕಾರ್ಯಕ್ರಮವನ್ನು ಕೂಡಿಸಲು, ಪ್ರತಿಗಳನ್ನು ತೆಗೆದಿಡಲು ಅದು ಅವಶ್ಯಕವು. ಇಂದು ಲೋಕದ ದೊಡ್ಡ ದೊಡ್ಡ ಸರ್ವರ್ ಯಂತ್ರಗಳಲ್ಲಿ ಬಹಳಷ್ಟು ‘ಲಿನಕ್ಸ್’ ಎಂಬ ಕಾರ್ಯವ್ಯವಸ್ಥೆಯ ಮೇಲೆ ನಡೆಯುತ್ತವೆ. 1991ರಲ್ಲಿ ಫಿನ್ಲಂಡಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಆರಂಭಿಸಿದ ಈ ವ್ಯವಸ್ಥೆಯು ಯಾರ ಸ್ವತ್ತೂ ಅಲ್ಲದೆ ಎಲ್ಲರಿಗೂ ತೆರೆದುಕೊಂಡಿದೆ. ಭಾರತ ಸರಕಾರವು 2015ರಲ್ಲಿ ಇಂಥ ಮುಕ್ತ ತಂತ್ರಾಂಶಗಳನ್ನೇ ಆದ್ಯತೆಯಿಂದ ಬಳಸಬೇಕೆಂದು ಧೋರಣೆಯನ್ನು ಹೊರಡಿಸಿತು. ಈ ವ್ಯವಸ್ಥೆಯಲ್ಲಿ ‘ರೂಟ್’ ಎಂಬ ಹೆಸರಿನ, ಸೊನ್ನೆ ಎಂಬ ಅಂಕೆಯ ಒಬ್ಬ ಬಳಕೆದಾರನಿದ್ದಾನೆ. ಸಾಮಾನ್ಯವಾಗಿ ಅವನಿಗೆ ಯಾವ ಕಡತವೂ ಮುಚ್ಚಿಲ್ಲ, ಯಾವ ಆಜ್ಞೆಯೂ ನಿಷಿದ್ಧವಲ್ಲ. ಅವನು ಹೊಕ್ಕು ಮಾಡಿದ ಕೆಲಸಕ್ಕೆ ಮುಂಬಾಗಿಲಿನ ಬೆರಳಚ್ಚು ಯಾವ ಸಾಕ್ಷಿಯನ್ನೂ ಹೇಳಲಾರದು.

ರೂಟ್ ಎಂಬುದು ಮನುಷ್ಯನ ಹೆಸರಲ್ಲ, ಅದೊಂದು ವೇಷವು. ಕಚೇರಿಯೊಂದರಲ್ಲಿ ಐದು ಮಂದಿ ಯಂತ್ರಪಾಲಕರಿದ್ದು, ಐವರಿಗೂ ರೂಟಿನ ಪಾಸ್‌ವರ್ಡು ಒಂದೇ ಆಗಿದ್ದು, ಅದನ್ನು ಗುತ್ತಿಗೆಯ ಸಂಸ್ಥೆಯ ಹುಡುಗರಿಗೂ ಹೇಳಿಕೊಟ್ಟಿದೆಯೆಂದು ವಾಚಕರು ಭಾವಿಸಿಕೊಳ್ಳಲಿ. ಒಂದು ರಾತ್ರಿ ಎರಡು ಗಂಟೆಗೆ ಒಂದು ದಾಖಲೆಯು ಬದಲಾಗುತ್ತದೆ. ಮರುದಿನ ಯಂತ್ರವನ್ನು ಕೇಳಿದರೆ ಅದು ‘ರೂಟ್ ಮಾಡಿದನು’ ಎಂದಷ್ಟೇ ಉತ್ತರ ಕೊಡುವದು. ಆಗ ಏನಾಗುವದೆಂಬುದನ್ನು ಕಚೇರಿಗಳ ರೀತಿಯನ್ನು ಬಲ್ಲವರಿಗೆ ನಾವು ವಿಸ್ತರಿಸಿ ಹೇಳಬೇಕಾಗಿಲ್ಲ. ಐವರಲ್ಲಿ ಅತ್ಯಂತ ಕೆಳಗಿನವನ ಮೇಲೆ, ವಶೀಲಿಯಿಲ್ಲದವನ ಮೇಲೆ, ಆ ದಿನ ರಜೆಯ ಮೇಲಿದ್ದುದಕ್ಕೆ ಚೀಟಿ ಬರೆದಿಡದವನ ಮೇಲೆ ಆರೋಪವು ಬಂದು ಬೀಳುವದು. ಅಪರಾಧಿಯು ಗುಂಪಿನಲ್ಲಿ ಅಡಗುವನು. ನಿರಪರಾಧಿಗೆ ತಾನು ನಿರಪರಾಧಿಯೆಂದು ಸಿದ್ಧಪಡಿಸುವ ದಾರಿಯೇ ಇರದು. ಜಾಂಬೋಟಿಯ ಕಡೆಯ ರೈತನೊಬ್ಬನು ಮಳೆಯಲ್ಲಿ ನೆನೆಯುತ್ತ ಖಾನಾಪುರಕ್ಕೆ ಬಂದು ‘ನನ್ನ ಉತಾರ ಬದಲಾಯಿಸಿದವರಾರು?’ ಎಂದು ಕೇಳಿದರೆ, ‘ಯಂತ್ರದಲ್ಲಿ ಹಾಗಿದೆ’ ಎಂಬ ಉತ್ತರವನ್ನು ಹೊತ್ತು ಅವನು ಹಿಂದಿರುಗಬೇಕಾಗುವದು.

ಇದು ಬರಿಯ ಕಲ್ಪನೆಯ ಭೀತಿಯೆಂದು ಯಾರೂ ಹಗುರಾಗಿ ಎಣಿಸದಿರಲಿ. 2019ರಲ್ಲಿ ಕರ್ನಾಟಕ ಸರಕಾರದ ಇ-ಪ್ರೊಕ್ಯೂರ್‌ಮೆಂಟ್ ಜಾಲದಲ್ಲಿ ಗುತ್ತಿಗೆದಾರರು ಇಟ್ಟ ಠೇವಣಿಯ ಹಣದಿಂದ 11 ಕೋಟಿ ರೂಪಾಯಿಗಳಿಗೂ ಮಿಕ್ಕ ಮೊತ್ತವು ಪರರ ಖಾತೆಗಳಿಗೆ ಹರಿದುಹೋದ ಸಂಗತಿಯು ಜಗಜ್ಜಾಹೀರಾಗಿದೆ. ರಾಜ್ಯದ ಸಿ.ಐ.ಡಿ.ಯವರು ತನಿಖೆ ನಡೆಯಿಸಿದರು. ಬಿಟ್‌ಕಾಯಿನ್ ಹಗರಣವೆಂದು ಹೆಸರಾದ ದೊಡ್ಡ ಪ್ರಕರಣದೊಡನೆ ಇದೂ ತೊಡಕಿಕೊಂಡಿತು. 2023ರಲ್ಲಿ ಸರಕಾರವು ಅದಕ್ಕಾಗಿ ವಿಶೇಷ ತನಿಖಾ ದಳವನ್ನು ನೇಮಿಸಿತು. 2024ರಲ್ಲಿ ಆ ದಳವು, ಮೊದಲಿನ ತನಿಖೆಯ ಕಾಲದ ಗಣಕ ಸಾಕ್ಷ್ಯಗಳನ್ನೇ ತಿದ್ದಿದ ಆರೋಪದ ಮೇಲೆ ಪೋಲೀಸ ಅಧಿಕಾರಿಯೊಬ್ಬರನ್ನು ಬಂಧಿಸಿತು. ಆರೋಪದ ನಿಜಾನಿಜವನ್ನು ನ್ಯಾಯಾಲಯವು ನಿರ್ಣಯಿಸಬೇಕು; ಅದರ ಬಗ್ಗೆ ನಾವೇನೂ ಹೇಳೆವು. ಕಳವಾದ ಹಣದ ಸುದ್ದಿಗಿಂತ, ಕಳವಿನ ಜಾಡಿನ ಮೇಲೆಯೇ ಸಂಶಯವು ಹುಟ್ಟಿತೆಂಬ ಸುದ್ದಿಯು ಹೆಚ್ಚು ಗಂಡಾಂತರದ್ದೆಂಬುದಷ್ಟೇ ನಮ್ಮ ಹೇಳಿಕೆ. ಹಣವನ್ನು ತಿರುಗಿ ಕೂಡಿಸಬಹುದು; ಕೆಟ್ಟುಹೋದ ಸಾಕ್ಷ್ಯವನ್ನು ತಿರುಗಿ ಕೂಡಿಸಲಾಗದು.

ಪರಿಹಾರವೇ ಇಲ್ಲವೆಂದರೆ ನಾವು ಮೌನವಾಗಿರುತ್ತಿದ್ದೆವು. ಪರಿಹಾರವಿದೆ, ಅದೂ ಬೆಲೆ ಕೊಡದೆ ದೊರೆಯುವಂಥದು. ‘ಸುಡೋ’ ಎಂಬ ಸಾಧನವು 1980ರ ಸುಮಾರಿಗೆ ಅಮೇರಿಕೆಯ ಬಫೆಲೋ ನಗರದ ವಿಶ್ವವಿದ್ಯಾಲಯದಲ್ಲಿ ಯೂನಿಕ್ಸ್ ಯಂತ್ರಗಳಿಗಾಗಿ ಹುಟ್ಟಿತು; ಇಂದಿನ ಬಹುತೇಕ ಲಿನಕ್ಸ್ ಯಂತ್ರಗಳಲ್ಲಿ ಅದು ದೊರೆಯುವದು. ಅದರ ತತ್ವವು ಸರಳವಾದುದು. ರೂಟಿನ ಪಾಸ್‌ವರ್ಡನ್ನು ಯಾರಿಗೂ ಕೊಡಬೇಕಾಗಿಲ್ಲ. ಪ್ರತಿಯೊಬ್ಬ ನೌಕರನು ತನ್ನ ಸ್ವಂತ ಹೆಸರಿನಿಂದ ಒಳಗೆ ಬರುತ್ತಾನೆ. ವಿಶೇಷಾಧಿಕಾರದ ಕೆಲಸ ಬಿದ್ದಾಗ ಆ ಒಂದು ಆಜ್ಞೆಯ ಮಟ್ಟಿಗೆ ರೂಟಿನ ಅಧಿಕಾರವನ್ನು ಕೈಗಡವಾಗಿ ಪಡೆಯುತ್ತಾನೆ. ಯಾರಿಗೆ ಯಾವ ಆಜ್ಞೆಯ ಅಧಿಕಾರವೆಂಬುದು ಮೊದಲೇ ಒಂದು ಪಟ್ಟಿಯಲ್ಲಿ ಬರೆದಿರುತ್ತದೆ. ಕೈಗಡ ಪಡೆದವನ ಹೆಸರು, ಹೊತ್ತು, ಅವನು ಕುಳಿತ ಟರ್ಮಿನಲ್, ಕೊಟ್ಟ ಆಜ್ಞೆ ಇವಿಷ್ಟೂ ಲಾಗ್ ಎಂಬ ನೋಂದಿಯಲ್ಲಿ ಬೀಳುತ್ತವೆ. ಪಟ್ಟಿಯಲ್ಲಿಲ್ಲದವನು ಕೈಯಿಕ್ಕಿದರೆ ಆ ಯತ್ನವೂ ನೋಂದಿಯಾಗುವದು.

ಆದರೆ ಇದೊಂದರಿಂದಲೇ ಕಾರ್ಯಸಿದ್ಧಿಯಾಗದು. ಒಬ್ಬನು ಸುಡೋದ ಮೂಲಕ ರೂಟಿನ ಶೆಲ್ಲನ್ನೇ ತೆರೆದು ಒಳಗೆ ಕುಳಿತನೆಂದರೆ, ವಿಶೇಷ ಏರ್ಪಾಡು ಮಾಡಿರದ ಹೊರತು, ತೆರೆದ ಸುದ್ದಿಯೊಂದೇ ನೋಂದಿಯಾಗಿ ಆಮೇಲೆ ಅವನು ಮಾಡಿದ ನೂರು ಕೆಲಸಗಳು ಕತ್ತಲೆಯಲ್ಲಿ ಉಳಿಯುವವು. ಶೆಲ್ಲಿನ ‘ಹಿಸ್ಟರಿ’ ಕಡತವನ್ನು ನೋಡಿದರಾಯಿತೆಂದು ಕೆಲವರು ಹೇಳುವದುಂಟು. ಆ ಕಡತವು ನೆನಪಿನ ಸೌಕರ್ಯಕ್ಕಾಗಿ ಇರುವದೇ ಹೊರತು ಸಾಕ್ಷಿಗಾಗಿ ಅಲ್ಲ. ಅದರ ಒಡೆಯನೇ ಅದನ್ನು ಅಳಿಸಬಲ್ಲನು, ಬರೆಯದಂತೆಯೂ ಮಾಡಬಲ್ಲನು. ಆರೋಪಿಯ ಕೈಯಲ್ಲಿಯೇ ಪಂಚನಾಮೆಯನ್ನು ಬರೆಯಿಸಿದಂತೆ ಅದು.

ಇದಕ್ಕಿಂತ ಆಳವಾದ ಏರ್ಪಾಡು ಲಿನಕ್ಸಿನ ಗರ್ಭದಲ್ಲಿಯೇ, ಎಂದರೆ ಕರ್ನಲ್ಲಿನಲ್ಲಿಯೇ, ಇದೆ. ಅದರ ಹೆಸರು ಆಡಿಟ್. ನೌಕರನು ಯಂತ್ರವನ್ನು ಹೊಕ್ಕ ಕ್ಷಣದಲ್ಲಿ ಅವನ ಅಂಕೆಯನ್ನು, 1004 ಎಂದಿಟ್ಟುಕೊಳ್ಳೋಣ, ಅವನ ಅಧಿವೇಶನದ ಮೇಲೆ ಮುದ್ರೆಯಂತೆ ಒತ್ತಲಾಗುವದು. ಇದಕ್ಕೆ ಲಾಗಿನ್ ಯು.ಐ.ಡಿ. ಎಂದು ಹೆಸರು. ಆಮೇಲೆ ಅವನು ಸುಡೋದಿಂದಾಗಲಿ ಬೇರೆ ವಿಧದಿಂದಾಗಲಿ ರೂಟಿನ ವೇಷವನ್ನು ಧರಿಸಿದರೂ ಮುದ್ರೆಯು ಬದಲಾಗದು. ಅವನು ನಡೆಯಿಸಿದ ಪ್ರತಿಯೊಂದು ಕಾರ್ಯಕ್ಕೂ ವಂಶದ ಹೆಸರಿನಂತೆ ಇಳಿದು ಬರುವದು. ಅವನು ಒಂದು ಕಡತವನ್ನು ಬದಲಿಸಿದಾಗ, ಅದನ್ನು ಕಾಯುವ ನಿಯಮವನ್ನು ಬರೆದಿದ್ದರೆ, ನೋಂದಿಯಲ್ಲಿ ಎರಡು ಅಂಕೆಗಳು ಬೀಳುವವು: ಧರಿಸಿದ ವೇಷ 0, ಹೊಕ್ಕ ಮನುಷ್ಯ 1004. ಈ ಎರಡನೆಯ ಅಂಕೆಯೇ ನಾವು ಕೇಳುವ ಸಹಿಯು. ನೋಂದಿಯ ನಿಯಮಗಳಿಗೆ ಬೀಗ ಹಾಕಿ, ಯಂತ್ರವನ್ನು ನಿಲ್ಲಿಸಿ ಪುನಃ ಆರಂಭಿಸುವ ವರೆಗೆ ರೂಟಿನಿಂದಲೂ ಅವುಗಳು ಬದಲಾಗದಂತೆ ಮಾಡುವ ಅನುಕೂಲತೆಯೂ ಅದರಲ್ಲಿದೆ.

ಸಾಧನವೆಷ್ಟೇ ಒಳ್ಳೆಯದಿದ್ದರೂ ಉಪಯೋಗಿಸುವವರ ಶಿಸ್ತು ಇಲ್ಲದಿದ್ದರೆ ಫಲವಿಲ್ಲ. ಐವರೂ ‘ಅಡ್ಮಿನ್’ ಎಂಬ ಒಂದೇ ಹೆಸರಿನಿಂದ ಒಳಗೆ ಬಂದರೆ ಮುದ್ರೆಯಲ್ಲಿ ‘ಅಡ್ಮಿನ್’ ಎಂದೇ ಇರುವದು. ಐವರಲ್ಲಿ ಯಾರೆಂದು ಅದು ಹೇಳದು. ನೆಟ್ಟಗೆ ರೂಟ್ ಎಂದೇ ದೂರದಿಂದ ಒಳಬರುವ ದಾರಿಯನ್ನು ಮುಚ್ಚದಿದ್ದರೆ ಹೊಕ್ಕ ಮನುಷ್ಯನ ಅಂಕೆಯೂ ಸೊನ್ನೆಯೇ ಆಗುವದು. ಹಿನ್ನೆಲೆಯಲ್ಲಿ ಓಡುವ ಸೇವಾಕಾರ್ಯಕ್ರಮಕ್ಕೆ ಒಪ್ಪಿಸಿ ಮಾಡಿಸಿದ ಕೆಲಸದ ಮೇಲೆ ಮುದ್ರೆಯೇ ಬೀಳದೆ ಹೋಗಬಹುದು. ನೋಂದಿಯಲ್ಲಿ 4294967295 ಎಂಬ ಅಂಕೆಯು ಕಂಡರೆ ಅದು ಯಾವ ನೌಕರನದೂ ಅಲ್ಲ, ‘ಮುದ್ರೆಯಿಲ್ಲ’ ಎಂಬುದೇ ಅದರ ಅರ್ಥವು. ಮೇಲಾಗಿ ಮುದ್ರೆಯು ಖಾತೆಯನ್ನು ತೋರಿಸುವದೇ ಹೊರತು ಖಾತೆಯ ಹಿಂದೆ ಕುಳಿತ ದೇಹವನ್ನಲ್ಲ. ಪಾಸ್‌ವರ್ಡು ಕದ್ದುಹೋಗಿದ್ದರೆ ನಿರಪರಾಧಿಯ ಹೆಸರೇ ಬೀಳುವದು. ಆದುದರಿಂದ ವಿಶೇಷಾಧಿಕಾರದ ಖಾತೆಗಳಿಗೆ ಪಾಸ್‌ವರ್ಡಿನ ಜೊತೆಗೆ ಎರಡನೆಯ ಗುರುತೊಂದು ಇರಲೇಬೇಕು.

ಇವೆಲ್ಲಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ರೂಟಿಗೆ ಎಲ್ಲವೂ ಸಾಧ್ಯವೆಂದ ಮೇಲೆ ಅದೇ ಯಂತ್ರದಲ್ಲಿರುವ ನೋಂದಿಯನ್ನು ಅಳಿಸುವದೂ ಅವನಿಗೆ ಸಾಧ್ಯವು. ಖಜಾನೆಯ ಕೀಲಿಯನ್ನೂ ಕೀರ್ದಿಪುಸ್ತಕವನ್ನೂ ಒಬ್ಬನ ಕೈಯಲ್ಲಿಯೇ ಕೊಡಬಾರದೆಂಬುದನ್ನು ನಮ್ಮ ಪೇಟೆಯ ಸಾಹುಕಾರರು ಯಾವ ಕಾಲೇಜಿಗೂ ಹೋಗದೆ ತಿಳಿದಿದ್ದರು. ಅದರಂತೆ ನೋಂದಿಯು ಬಿದ್ದ ಕ್ಷಣವೇ ಬೇರೊಂದು ಯಂತ್ರಕ್ಕೆ ಹೋಗಿ ಸೇರಬೇಕು. ಆ ಯಂತ್ರದ ಅಧಿಕಾರವು ಮೊದಲಿನವರ ಕೈಯಲ್ಲಿರದೆ ಬೇರೆಯವರ ಕೈಯಲ್ಲಿರಬೇಕು. ಎಲ್ಲ ಯಂತ್ರಗಳ ಗಡಿಯಾರಗಳೂ ಒಂದೇ ಹೊತ್ತನ್ನು ತೋರಿಸಬೇಕು. ಹೊತ್ತು ತಪ್ಪಿದ ಸಾಕ್ಷಿಯು ವಕೀಲರ ಮೊದಲನೆಯ ಪಾಟೀಸವಾಲಿನಲ್ಲಿಯೇ ಬಿದ್ದುಹೋಗುವದು.

ಕಾಯದೆಯೂ ಈಗ ಇದೇ ದಿಕ್ಕಿಗೆ ನಡೆದಿದೆ. 2000ದ ಮಾಹಿತಿ ತಂತ್ರಜ್ಞಾನ ಕಾಯದೆಯ ಮೇರೆಗೆ ಕೇಂದ್ರ ಸರಕಾರದ ಸರ್ಟ್-ಇನ್ ಸಂಸ್ಥೆಯು 2022ರ ಎಪ್ರಿಲ್ 28ರಂದು ಹೊರಡಿಸಿದ ನಿರ್ದೇಶನವು ಸರಕಾರಿ ಸಂಸ್ಥೆಗಳಿಗೂ ಅನ್ವಯಿಸುತ್ತದೆ. ನೋಂದಿಗಳನ್ನು 180 ದಿನಗಳ ವರೆಗೆ ಕಾಯ್ದಿಡಬೇಕು, ಗಡಿಯಾರಗಳನ್ನು ರಾಷ್ಟ್ರೀಯ ಸಮಯಕ್ಕೆ ಕೂಡಿಸಬೇಕು, ಅನಾಹುತವು ತಿಳಿದುಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು ಎಂಬುದು ಅದರ ಸಾರಾಂಶ. 2024ರ ಜುಲೈ 1ರಿಂದ ಜಾರಿಯಲ್ಲಿ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಂತೆ ಗಣಕದ ದಾಖಲೆಯನ್ನು ನ್ಯಾಯಾಲಯದ ಮುಂದೆ ಇಡುವವರು ಅದರ ಜೊತೆಗೆ ಪ್ರಮಾಣಪತ್ರವನ್ನೂ ಕೊಡಬೇಕು. ಕಾಯದೆಯು 180 ದಿನಗಳೆಂದಿತೆಂದು ಭೂದಾಖಲೆಯ ನೋಂದಿಯನ್ನು 181ನೆಯ ದಿನ ಅಳಿಸಿಬಿಡುವದು ಮಾತ್ರ ಬುದ್ಧಿವಂತಿಕೆಯಲ್ಲ. ತನ್ನ ಹೊಲವು ಕೈತಪ್ಪಿತೆಂಬುದು ರೈತನಿಗೆ ತಿಳಿಯುವದು ಬೆಳೆಸಾಲಕ್ಕಾಗಿ ಸೊಸಾಯಟಿಗೆ ಹೋದಾಗ, ಇಲ್ಲವೆ ಮಗಳ ಮದುವೆಗೆ ತುಂಡು ಭೂಮಿಯನ್ನು ಮಾರಹೊರಟಾಗ. ಅದು ಆರು ತಿಂಗಳಲ್ಲಿಯೇ ಬರಬೇಕೆಂದಿಲ್ಲ, ಆರು ವರುಷಗಳಾಗಬಹುದು. ಭೂಮಿಯ ನೋಂದಿಯನ್ನು ಭೂಮಿಯ ವ್ಯಾಜ್ಯಗಳ ಅವಧಿಗೆ ತಕ್ಕಂತೆ ಕಾಯಬೇಕು.

ಇದಕ್ಕೆ ಬರುವ ಆಕ್ಷೇಪಣೆಗಳನ್ನು ನಾವು ಬಲ್ಲೆವು. ‘ನಮ್ಮ ಮೇಲೆ ನಂಬಿಕೆಯಿಲ್ಲವೇ?’ ಎಂದು ನೌಕರರು ಕೇಳಬಹುದು. ನಂಬಿಕೆಯಿದೆಯೆಂದೇ ಕೀಲಿಯನ್ನು ಕೊಟ್ಟಿದೆ. ನಂಬಿಕೆಗೆ ಕಲಂಕ ಹತ್ತಬಾರದೆಂದೇ ನೋಂದಿಯನ್ನು ಕೇಳುತ್ತೇವೆ. ನೋಂದಿಯಿಂದ ಮೊದಲು ರಕ್ಷಣೆ ಪಡೆಯುವವನು ಪ್ರಾಮಾಣಿಕ ನೌಕರನೇ. ಆದರೆ ನೋಂದಿಯ ಹೆಸರಿನಿಂದ ನೌಕರರ ಖಾಸಗಿ ಮಾತುಕತೆಗಳನ್ನು ಇಣಿಕಿ ನೋಡುವದಕ್ಕೆ ನಮ್ಮ ಒಪ್ಪಿಗೆಯಿಲ್ಲ. ಬರೆದಿಡಬೇಕಾದುದು ವಿಶೇಷಾಧಿಕಾರದ ಕೃತಿಗಳನ್ನು, ಮನುಷ್ಯನ ಉಸಿರಾಟವನ್ನಲ್ಲ. ‘ಯಂತ್ರವು ನಡುರಾತ್ರಿ ನಿಂತುಹೋದರೆ ಪಟ್ಟಿಯನ್ನು ನೋಡುತ್ತ ಕೂಡ್ರುವದೇ?’ ಎಂಬುದು ಎರಡನೆಯ ಆಕ್ಷೇಪಣೆ. ಆಪತ್ತಿಗಾಗಿ ರೂಟಿನ ಪಾಸ್‌ವರ್ಡನ್ನು ಅರಗು ಮುದ್ರೆಯ ಲಕೋಟೆಯಲ್ಲಿ ಹಿರಿಯ ಅಧಿಕಾರಿಯ ತಿಜೋರಿಯಲ್ಲಿಡಬಹುದು. ಒಡೆದವರು ಕಾರಣವನ್ನು ಬರೆದು ಸಹಿ ಮಾಡಲಿ, ಮರುದಿನವೇ ಪಾಸ್‌ವರ್ಡನ್ನು ಬದಲಿಸಲಿ. ‘ನೋಂದಿಗಳ ರಾಶಿಯನ್ನು ಓದುವವರಾರು?’ ಎಂಬುದು ಮೂರನೆಯದು. ಇದು ಮಾತ್ರ ತೂಕವಿರುವ ಮಾತು. ಎಲ್ಲವನ್ನೂ ಬರೆಯಹೊರಟರೆ ಬೇಕಾದುದು ಕಾಣದು. ಯಾವ ಕಡತಗಳು ಪ್ರಾಣಸ್ವರೂಪವಾದವುಗಳೋ, ಯಾವ ಆಜ್ಞೆಗಳು ಘಾತುಕವೋ ಅವುಗಳಿಗೆ ಮಾತ್ರ ನಿಯಮವನ್ನು ಬರೆದು, ವಾರಕ್ಕೊಮ್ಮೆಯಾದರೂ ಮನುಷ್ಯನೊಬ್ಬನು ಕಣ್ಣು ಹಾಯಿಸಿ ಓದಿದೆನೆಂದು ಸಹಿ ಮಾಡಬೇಕು. ಓದುವವರಿಲ್ಲದ ನೋಂದಿಯು ಕಾವಲುಗಾರನಿಲ್ಲದ ಚೌಕಿಯಂತೆ.

ಕೆಲಸ ಬಲ್ಲವರಿಲ್ಲವೆಂಬ ನೆವವಂತೂ ನಮ್ಮ ಜಿಲ್ಲೆಯಲ್ಲಿ ಸಲ್ಲದು. ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ದಾರಿಯಲ್ಲಿಯೇ, ಮಚ್ಛೆಯಲ್ಲಿ, 1998ರಲ್ಲಿ ಸ್ಥಾಪಿತವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವಿದೆ. ಅದರ ಅಧೀನದಲ್ಲಿ ನಗರದ ಕಾಲೇಜುಗಳಿಂದ ಪ್ರತಿವರುಷ ಲಿನಕ್ಸನ್ನು ಬಲ್ಲ ತರುಣರು ಹೊರಬೀಳುತ್ತಾರೆ; ಬಹುಮಂದಿ ಪುಣೆ ಬೆಂಗಳೂರುಗಳ ಹಾದಿ ಹಿಡಿಯುತ್ತಾರೆ. ಇವರಲ್ಲಿ ಕೆಲವರನ್ನಾದರೂ ಜಿಲ್ಲೆಯ ಕಚೇರಿಗಳ, ಮಹಾನಗರಪಾಲಿಕೆಯ, ಸಹಕಾರಿ ಬ್ಯಾಂಕುಗಳ ಯಂತ್ರಗಳ ತಪಾಸಣೆಗೆ ತೊಡಗಿಸಿಕೊಂಡರೆ ತರುಣರಿಗೆ ಅನುಭವವೂ ಜನತೆಗೆ ರಕ್ಷಣೆಯೂ ದೊರೆಯುವವು.

ನಮ್ಮ ಬೇಡಿಕೆಗಳು ದೊಡ್ಡವಲ್ಲ. ಸಾರ್ವಜನಿಕ ದಾಖಲೆಯನ್ನು ಹೊತ್ತ ಯಾವ ಯಂತ್ರದಲ್ಲಿಯೂ ಇಬ್ಬರಿಗೆ ಒಂದೇ ಖಾತೆ ಇರಬಾರದು. ರೂಟ್ ಎಂದು ನೇರವಾಗಿ ಹೊಗುವ ದಾರಿಯನ್ನು ಮುಚ್ಚಬೇಕು. ವಿಶೇಷಾಧಿಕಾರದ ಪ್ರತಿಯೊಂದು ಕೃತಿಯ ನೋಂದಿಯು ಬೇರೆಯವರ ಕೈಯಲ್ಲಿರುವ ಬೇರೆ ಯಂತ್ರಕ್ಕೆ ತಕ್ಷಣ ಹೋಗಬೇಕು. ಗುತ್ತಿಗೆಯ ನೌಕರನು ಕೆಲಸ ಬಿಟ್ಟ ದಿನವೇ ಅವನ ಖಾತೆಯು ಮುಚ್ಚಬೇಕು. ಕಿಂಡಿಯಲ್ಲಿ ನಿಂತು ಕೇಳುವ ರೈತನಿಗೆ ಅವನ ಉತಾರವು ಯಾವಾಗ, ಯಾವ ಹುದ್ದೆಯವರಿಂದ ಬದಲಾಯಿತೆಂಬುದನ್ನು ಬರೆದು ಕೊಡುವ ವ್ಯವಸ್ಥೆಯಾಗಬೇಕು. ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನಕ್ಕಾಗಿ ಕೂಡುವ ನಮ್ಮ ಪ್ರತಿನಿಧಿಗಳು, ಭೂಮಿಯ ದಫ್ತರವನ್ನು ಹೊತ್ತ ಯಂತ್ರಗಳಲ್ಲಿ ಇವುಗಳಲ್ಲಿ ಎಷ್ಟು ನಡೆದಿವೆಯೆಂದು ಸರಕಾರವನ್ನು ಪ್ರಶ್ನಿಸಿದರೆ ಅದೊಂದೇ ಪ್ರಶ್ನೆಯಿಂದ ಬಹಳಷ್ಟು ಕಾರ್ಯವಾದೀತು.

ಸ್ವರಾಜ್ಯವೆಂದರೆ ಆಳುವವರು ನಮ್ಮವರೆಂಬುದಷ್ಟೇ ಅಲ್ಲ. ಆಳುವವರು ಮಾಡಿದುದಕ್ಕೆ ಹೆಸರು ಹೇಳಿ ಉತ್ತರ ಕೊಡುವರೆಂಬುದೂ ಹೌದು. ಯಂತ್ರಕ್ಕೆ ಪಕ್ಷಪಾತವಿಲ್ಲ, ಕೇಳಿದರೆ ಅದು ಸತ್ಯವನ್ನು ಬರೆದಿಡಲು ಸಿದ್ಧವಿದೆ. ಬರೆದಿಡೆಂದು ಅದಕ್ಕೆ ಅಪ್ಪಣೆ ಕೊಡುವದು ಮನುಷ್ಯರ ಕೆಲಸವು. ಜಿಲ್ಲೆಯ ಹಾಗೂ ರಾಜ್ಯದ ಅಧಿಕಾರಿಗಳು ಆ ಅಪ್ಪಣೆಯನ್ನು ಕೊಡುವದರಲ್ಲಿ ಇನ್ನು ತಡಮಾಡಲಾರರೆಂದು ನಾವು ನಂಬಿದ್ದೇವೆ.